ಏಳನೆಯ ಮೆಟ್ಟಿಲು

ಜುಲೈ 29, ಸೋಮವಾರ, ರಾತ್ರಿ.

ಭದ್ರಾ ಹೊಳೆಗೆ ‘ಇಲ್ಲೇ ನಿಲ್ಲು’ ಎಂದು ಅಪ್ಪಣೆ ಕೊಡಬಲ್ಲ ಗಂಡಸು ಇಡೀ ಭದ್ರಾವತಿಯಲ್ಲಿ ನಾನೊಬ್ಬನೇ. ಹೊಸ ಮನೆಯ ಆರನೆಯ ಮೆಟ್ಟಿಲು ಮುಳುಗಿಸಿದ ನೆರೆ ಸಂಜೆ ಇಳಿಯಿತು. ನಮ್ಮವಳು ಒಣ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಆ ಗೊರಕೆ ಇಷ್ಟು ಇಂಪಾಗಿ ಯಾವತ್ತೂ ಕೇಳಿರಲಿಲ್ಲ.

ಕಟ್ಟುವಾಗ ನಾನು ಐದು ಮೆಟ್ಟಿಲು ಸಾಕು ಎಂದಿದ್ದೆ. ಪಾಯ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ಕಡಿಮೆಯೆಂದರೂ ಆರು ಬೇಕು ಎಂದು ಹಟ ಹಿಡಿದಳು ತಂಗಿಯ ಮಗಳು, ಇಂಜಿನಿಯರ್ ತನುಜಾ. ಮೆಟ್ಟಿಲು ಸಮಸಂಖ್ಯೆ ಆಗಬಾರದಲ್ಲ, ಏಳು ಕಟ್ಟಿಸಿದೆ.

ಇವತ್ತು ಫೋನಿನಲ್ಲಿ ನಾನು ಅವಳನ್ನು ಬಿಡಲಿಲ್ಲ. “ನೋಡಿದ್ಯಾ ಮಾರಾಯ್ತಿ, ಏಳು ಅಂದಿದ್ದು ನಾನು!”

“ಹೌದು ಮಾವ. ಸಂಪಿನ ಮೋಟರ್ ಮೇಲಿಡಿ ಅಂದಿದ್ದು ಯಾರು?”

ಮೇಲಿಟ್ಟರೆ ಚಂದ ಕಾಣುವುದಿಲ್ಲ ಎಂದು ಅಂಗಳದಲ್ಲೇ ಇಡಿಸಿದ್ದೆ. ಮುಳುಗಿ ಸುಟ್ಟುಹೋಯಿತು. ನಮ್ಮವಳಿಗೆ ಮೂರು ಸಾವಿರ ಎಂದಿದ್ದೇನೆ. ನಿಜವಾಗಿ ಹೋದದ್ದು ಹತ್ತೊಂಬತ್ತು ಸಾವಿರ.