ನಾಲ್ಕೇ ಜನ ಎಂದು ಬರೆದುಕೊಂಡವರಿಗೆ

ಹೊಸನಗರ
೧೬-೪-೧೯೬೯

ನಮ್ಮ ಯಜಮಾನರಿಗೆ ರಂಗಮ್ಮನ ನಮಸ್ಕಾರಗಳು. ಲಕೋಟೆಯ ಮೇಲೆ ಸಾಗರ ಠಾಣೆಯ ದಫೇದಾರರು ಎಂದು ಬರೆಸಿದ್ದರೂ, ಇದನ್ನು ಟೋಪಿ ತೆಗೆದಿಟ್ಟು ಓದಬೇಕು.

ಒಂದು ವರ್ಷದಿಂದ ನಾನೂ ಬರೆದಿಲ್ಲ, ನೀವೂ ಬರೆದಿಲ್ಲ. ಅಣ್ಣ ಹೂವಯ್ಯ ತಾಲ್ಲೂಕು ಬೋರ್ಡಿಗೆ ನಿಂತಾಗ ನಾನು ಮನೆಮನೆ ತಿರುಗಿದೆ. ಪೊಲೀಸಿನವನ ಹೆಂಡತಿ ಓಟು ಕೇಳಿದರೆ ನೌಕರಿ ಉಳಿಯುತ್ತದೆಯೇ ಎಂದು ನೀವು ಕೂಗಾಡಿದಿರಿ. ನಾನು ಟ್ರಂಕು ಹಿಡಿದು ತವರಿಗೆ ಬಂದೆ. ನಿಮ್ಮ ಮಾತಿನಲ್ಲಿ ಅರ್ಧ ನ್ಯಾಯವಿತ್ತು ಎಂದು ಈಗ ಒಪ್ಪುತ್ತೇನೆ. ಉಳಿದರ್ಧ ನನ್ನದು, ಅದನ್ನು ಬಿಟ್ಟುಕೊಡುವವಳಲ್ಲ.

ಸೋಮವಾರ ಕೋರ್ಟಿನಲ್ಲಿ ತೀರ್ಪಾಯಿತು. ಕೆಲಸ ಸಿಕ್ಕಿ ಕಾರ್ಗಲ್ಲಿಗೆ ಹೋದವರ ಹೆಸರಿನಲ್ಲಿ ಇಲ್ಲಿ ಬೇರೆಯವರು ಓಟು ಹಾಕಿದ್ದು ರುಜುವಾತಾಗಿ, ಅಣ್ಣನ ಎದುರಾಳಿಯ ಗೆಲುವು ರದ್ದಾಯಿತು. ಸುದ್ದಿ ಬಂದ ಹಿಂದೆಯೇ ಬಂದೋಬಸ್ತಿಗೆಂದು ಸಾಗರದಿಂದ ನಿಮ್ಮ ಜೀಪೂ ಬಂತು. ಸಭೆ ಇಲ್ಲ, ಮೆರವಣಿಗೆ ಇಲ್ಲ, ಎಲ್ಲಿಯೂ ಐದು ಜನ ಒಟ್ಟಿಗೆ ಸೇರುವಂತಿಲ್ಲ ಎಂದು ಮೈಕಿನಲ್ಲಿ ಸಾರಿದರು. ಅಣ್ಣ ಒಂದು ಹಾರವನ್ನೂ ಹಾಕಿಸಿಕೊಳ್ಳದೆ ಒಳಗೆ ಕುಳಿತ.

ಮಂಗಳವಾರ ಬೆಳಿಗ್ಗೆ ಅಣ್ಣನ ಮಗಳು ಗುತ್ಯಮ್ಮನ ಮದುವೆಗೆ ಅರಿಶಿನ ಕುಟ್ಟುವ ಶಾಸ್ತ್ರವಿತ್ತು. ಐದು ಜನ ಮುತ್ತೈದೆಯರು ಒನಕೆ ಹಿಡಿಯಬೇಕು. ಅತ್ತಿಗೆ ದುಗ್ಗಮ್ಮನೂ ಸೇರಿ ನಾಲ್ವರಿದ್ದರು. ಗಂಡನನ್ನು ಬಿಟ್ಟುಬಂದವಳನ್ನು ಐದನೆಯವಳೆಂದು ಕರೆಯಬಹುದೇ ಎಂದು ಅವಳಿಗೆ ಅನುಮಾನ. ಅಣ್ಣ ಗದರಿದ ಮೇಲೆ ಒನಕೆ ಕೊಟ್ಟಳು. ಹೂವಯ್ಯನ ಮನೆಯಲ್ಲಿ ಗುಂಪು ಕೂಡಿದೆ ಎಂದು ಯಾರೋ ದೂರು ಕೊಟ್ಟಿದ್ದರಂತೆ, ಅದೇ ಹೊತ್ತಿಗೆ ನೀವು ಇಬ್ಬರು ಪೊಲೀಸರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದಿರಿ.

ಅತ್ತಿಗೆ ನಿಮ್ಮನ್ನು ನೆಂಟರಂತೆ ಮಾತಾಡಿಸಲಿಲ್ಲ, ಗಮನಿಸಿರಬೇಕು. "ಐದ್ ಜನ ಇಲ್ದೆ ಶಾಸ್ತ್ರ ಆಗಲ್ಲ ದಫೇದಾರ್ರೇ. ಯಾರನ್ನ ಆಚೆ ಕಳಿಸ್ಲಿ, ನೀವೇ ಹೇಳಿ" ಎಂದಳು. ನೀವು ಒಬ್ಬೊಬ್ಬರನ್ನೇ ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು, "ನಾಲ್ಕೇ ಜನ ಇದಾರೆ, ನಡೀರಿ" ಎಂದು ಪೊಲೀಸರನ್ನು ಕರೆದುಕೊಂಡು ಹೊರಟೇಬಿಟ್ಟಿರಿ.

ಶಾಸ್ತ್ರವೇನೋ ಉಳಿಯಿತು, ಹೋದದ್ದು ನನ್ನ ಮಾನ. ನೀವು ಬೇಲಿ ದಾಟುವ ಮುಂಚೆಯೇ ಅತ್ತಿಗೆ ನನ್ನ ಒನಕೆಗೆ ಕೈ ಹಾಕಿದಳು. "ಕಟ್ಕಂಡವ್ನೇ ನಿನ್ನ ಲೆಕ್ಕಕ್ಕೆ ಹಿಡೀಲಿಲ್ಲ ಕಣೆ. ಪಕ್ಕದ್ಮನೆ ವಿಶಾಲಮ್ಮನ್ನ ಕರೀತೀನಿ, ಬಿಡು" ಎಂದಳು. ಒಳಗಿನಿಂದ ನೋಡುತ್ತಿದ್ದ ಮದುಮಗಳು ಅಳುವುದಕ್ಕೆ ಶುರು ಮಾಡಿದಳು. ನಾನು ಒನಕೆ ಬಿಡಲಿಲ್ಲ.

"ನೆಂಟರು ಎಷ್ಟು ಜನ ಬಂದ್ರು ಅಂತ ಕೇಳಿದ್ರೆ ಮನೆಯವ್ರನ್ನೂ ಸೇರಿಸಿ ಹೇಳ್ತೀಯಾ ಅತ್ತಿಗೆ? ಅವ್ರು ಎಣಿಸಿದ್ದು ಹೊರಗಿನವ್ರನ್ನ. ನಾನು ಅವ್ರ ಮನೆಯವಳು. ನನ್ನ ಮುಖ ನೋಡಿಯೇ ಲೆಕ್ಕದಿಂದ ಬಿಟ್ರು" ಎಂದೆ. ಅವಳು ನನ್ನ ಒನಕೆಯಿಂದ ಕೈ ತೆಗೆದಳು. ಅರಿಶಿನ ನುಣ್ಣಗೆ ಪುಡಿಯಾಗುವವರೆಗೆ ಕುಟ್ಟಿದೆ.

ಆದರೆ ಅತ್ತಿಗೆ ಸುಮ್ಮನಿರುವವಳೇ? ಮದುವೆಗೆ ನೀವು ಬಂದರೆ ನಾನು ಹೇಳಿದ್ದು ಖರೆ, ಇಲ್ಲವಾದರೆ ಚಪ್ಪರದ ಕೆಳಗೆ ನನಗೆ ಜಾಗವಿಲ್ಲ ಎಂದು ಎಲ್ಲರೆದುರಿಗೆ ಹೇಳಿದ್ದಾಳೆ. ಮದುವೆ ೨೭ನೇ ತಾರೀಖು ಭಾನುವಾರ. ನಿಮ್ಮ ನಿಷೇಧಾಜ್ಞೆ ಅದಕ್ಕೆ ವಾರ ಮೊದಲೇ ಮುಗಿಯುತ್ತದೆ, ನೆಪ ಹೇಳಬೇಡಿ. ಬಿಳಿ ಪಂಚೆ ಉಟ್ಟು ಬನ್ನಿ. ಸೋಮವಾರದ ಮೊದಲ ಬಸ್ಸಿಗೆ ನಾನೂ ಟ್ರಂಕು ಹಿಡಿದು ನಿಮ್ಮ ಜೊತೆ ಸಾಗರಕ್ಕೆ ಹೊರಡುತ್ತೇನೆ. ಮತ್ತೆ ಚುನಾವಣೆ ಬಂದರೆ ಅಣ್ಣನಿಗೆ ಓಟು ಹಾಕುತ್ತೇನೆ, ಮನೆಮನೆಗೆ ಹೋಗಿ ಕೇಳುವುದಿಲ್ಲ. ಇದಕ್ಕಿಂತ ಹೆಚ್ಚು ರಾಜಿ ನನ್ನ ಕೈಲಾಗದು. ನೀವು ಬಂದೇ ಬರುತ್ತೀರಿ, ನನಗೆ ಗೊತ್ತು.

ಇಂತು,
ನಿಮ್ಮ ಪುಸ್ತಕದಲ್ಲಿಲ್ಲದ ಐದನೆಯವಳು
ರಂಗಮ್ಮ

ತಾ.ಕ.: ನನ್ನ ಮುಖ ನೋಡಿ ಬಿಟ್ಟರು ಎಂದು ಅತ್ತಿಗೆಗೆ ಹೇಳಿದ್ದು ಸುಳ್ಳು. ನೀವು ಎಣಿಸುತ್ತಿದ್ದಾಗ ನಾನು ತಲೆ ಎತ್ತಲೇ ಇಲ್ಲ, ಕಂಡದ್ದು ನಿಮ್ಮ ಬೂಟು ಮಾತ್ರ. ನೀವು ನೋಡಿದಿರೋ ಇಲ್ಲವೋ ದೇವರೇ ಬಲ್ಲ. ಬಂದು ಅದನ್ನು ನಿಜ ಮಾಡಿ.