ಚುಕ್ಕೆ ಮಾಯವಾಗುವ ಜಾಗ

ಬರ್ಮಂಡ್ಸಿ, ಲಂಡನ್
೯ ನವೆಂಬರ್ ೧೮೭೪

ಪ್ರೀತಿಯ ಡೋರ್ಕಸ್ ಅಕ್ಕನಿಗೆ,

ಹೇಗಿದ್ದೀಯ? ಚಾಥಮ್‌ನ ಅತ್ತೆಮನೆಯಲ್ಲಿ ಒಲೆಯ ಹತ್ತಿರ ಕೂರಲು ನಿನಗೆ ಜಾಗ ಕೊಟ್ಟಿದ್ದಾರೆಯೇ? ಕಾಗದ ತಡವಾಯಿತು, ಕ್ಷಮಿಸು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ಬರೆದದ್ದನ್ನೆಲ್ಲ ಒಲೆಗೆ ಹಾಕುತ್ತಿದ್ದೆ.

ನೀವಿದ್ದ ಗ್ಯಾಸ್ ಕಂಪನಿಯ ಮನೆಗೆ ಹೊಸ ಮೇಸ್ತ್ರಿಯ ಸಂಸಾರ ಬಂದಿದೆ. ನಿನ್ನ ಜೆರೇನಿಯಂ ಕುಂಡ ಇನ್ನೂ ಕಿಟಕಿಯಲ್ಲೇ ಇದೆ. ನಾನು ಆ ಬೀದಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತೇನೆ. ಹಾವುಮೀನಿನ ಕಡುಬು ಮಾರುವ ಗಾಫಮ್ಮ ಮೊನ್ನೆ ಎಲ್ಲರೆದುರೇ, "ಬಾರಪ್ಪ ಸತ್ಯವಂತ, ಅಕ್ಕನ ಮನೆ ದೀಪ ಆರಿಸಿದ್ದಾಯ್ತಲ್ಲ, ಈಗ ನನ್ನ ಕಡುಬನ್ನೂ ಅಳೀತೀಯೋ?" ಎಂದಳು. ತಿನ್ನದೇ ಬಂದೆ.

ಶಾಲೆ ಬಿಟ್ಟು ಓಡಿದವನು, ಎಲ್ಲೂ ಕೂತಲ್ಲಿ ಕೂರದವನು ಎಂದು ನೀನೇ ಬೈಯುತ್ತಿದ್ದೆ. ಅಂಥವನು ಗೋಡೆಗೆಲ್ಲ ಕಪ್ಪು ಬಳಿದ, ಗ್ಯಾಸಿನ ಬೆಳಕು ಅಳೆಯುವ ಆ ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಅಲ್ಲಾಡದೆ ಕೂರುತ್ತಿದ್ದೆ. ಒಂದು ತುದಿಯಲ್ಲಿ ತೂಕ ಮಾಡಿಟ್ಟ ಮೇಣದ ಬತ್ತಿ, ಇನ್ನೊಂದು ತುದಿಯಲ್ಲಿ ಗ್ಯಾಸಿನ ಜ್ವಾಲೆ, ನಡುವೆ ಕೋಲಿನ ಮೇಲೆ ಜಾರುವ ಕಾಗದ. ಅದರ ಮೇಲೊಂದು ಎಣ್ಣೆಯ ಚುಕ್ಕೆ. ಕಾಗದ ಸರಿಸುತ್ತ ಹೋದರೆ ಒಂದು ಕಡೆ ಚುಕ್ಕೆ ಮಾಯವಾಗುತ್ತದೆ. ಎರಡು ಬೆಳಕೂ ಅಲ್ಲಿ ಸಮ. ಗ್ಯಾಸು ಎಷ್ಟು ಬತ್ತಿಗೆ ಸಮವೆಂದು ಕೋಲಿನ ಗೀಟು ಹೇಳುತ್ತದೆ. ಹದಿನಾರು ಬತ್ತಿಗೆ ಕಡಿಮೆಯಾದರೆ ಕಂಪನಿಗೆ ದಂಡ, ಕಂಪನಿಯ ಸಿಟ್ಟು ಕುಲುಮೆಯ ಮೇಸ್ತ್ರಿಯ ತಲೆಗೆ, ಅಂದರೆ ಭಾವನ ತಲೆಗೆ.

ದಂಡ ಬಿದ್ದ ಆ ಪರೀಕ್ಷೆಯ ಹಿಂದಿನ ದಿನ ಏಮಸ್ ಭಾವ ನನ್ನ ಹತ್ತಿರ ಬಂದಿದ್ದ. ನಿನಗೆ ಹೇಳಿರಲಾರ. "ನೋಡೋ ಜೇಬ, ಗ್ಯಾಸು ತೆಗೆಯೋಕೆ ಹಸಿ ಕಲ್ಲಿದ್ದಲು ಕಳಿಸ್ತಾರೆ. ನಾನೇನು ಊದಿ ಒಣಗಿಸ್ಲಾ? ನಾಳೆ ಆ ಕಾಗದಾನ ಬತ್ತಿ ಕಡೆಗೆ ಒಂದು ಬೆರಳಗಲ ಸರಿಸು, ಸಾಕು. ಮನೇಲಿ ನಿನ್ನಕ್ಕ ಬಸುರಿ."

"ಚುಕ್ಕೆ ಎಲ್ಲಿ ಮಾಯವಾಗುತ್ತೋ ಅಲ್ಲೇ ನಿಲ್ಲಿಸ್ತೀನಿ ಭಾವ," ಎಂದೆ.

ಅವನು ಬೈಯಲಿಲ್ಲ. ಶಾಲೆಯಲ್ಲಿ ಒಂದು ಲೆಕ್ಕವನ್ನೂ ಸರಿ ಮಾಡದವನಿಗೆ ಈಗ ಬಂತು ನೋಡು ಹಟ ಎಂದು ನಕ್ಕು, ನನ್ನ ಟೋಪಿಯನ್ನು ಕಣ್ಣಿನ ಮೇಲೆ ಎಳೆದು ಹೋದ.

ಮರುದಿನ ನನ್ನ ಮೇಲಿನ ಪರೀಕ್ಷಕ ಪರ್ಕಿಸ್ ಸಾಹೇಬರು ಜ್ವರದಲ್ಲಿ ಮಲಗಿದ್ದರು. ನನ್ನ ಕಣ್ಣಿಗಿಂತ ನಿನ್ನದು ಎಳೆಯದು, ನೀನೇ ನೋಡು ಎಂದು ಹೇಳಿಕಳಿಸಿದ್ದರು. ನೋಡಿದೆ. ಹದಿನಾಲ್ಕೂವರೆ. ಕಾಗದವನ್ನು ತಿರುಗಿಸಿಟ್ಟೂ ನೋಡಿದೆ. ಅಷ್ಟೇ. ಮುಂದೆ ಭಾವನ ಕೆಲಸ, ನಿಮ್ಮ ಮನೆ ಹೋದದ್ದು ನಿನಗೆ ಗೊತ್ತು.

ಅಕ್ಕ, ಇಲ್ಲಿ ಯಾರೂ ನನ್ನ ಜೊತೆ ಕೂರುವುದಿಲ್ಲ. ಕೋಣೆಯ ಕಪ್ಪು ಹೊರಗೂ ಹಿಂದೆ ಬರುತ್ತದೆ. ಕೆಲವು ಬೆಳಿಗ್ಗೆ ಹೊಳೆಯ ಕಟ್ಟೆಯ ಮೇಲೆ ನಿಂತವನು ಯಾಕೆ ಹಿಂದಕ್ಕೆ ಬಂದೆನೋ ತಿಳಿಯದು. ನಾನು ಕಂಡದ್ದನ್ನು ಹೇಳಿದೆ, ಸುಳ್ಳು ಹೇಳಲಿಲ್ಲ. ಅದೊಂದನ್ನೇ ಹಿಡಿದುಕೊಂಡು ನಿಂತಿದ್ದೇನೆ. ನೀನು ಬೈದಾದರೂ ಎರಡು ಸಾಲು ಬರೆ.

ಭಾವನಿಗೆ ಚಾಥಮ್‌ನಲ್ಲಿ ಕೆಲಸ ಸಿಗಲಿ. ಹುಟ್ಟುವ ಕೂಸು ನಿನ್ನ ಹಾಗಿರಲಿ, ಗಟ್ಟಿಯಾಗಿ ಅಳಲಿ. ದೇವರು ನಿಮ್ಮನ್ನು ಬೆಚ್ಚಗಿಡಲಿ.

ನಿನ್ನ ತಮ್ಮ,
ಜೇಬಸ್

ಮರೆತ ಮಾತಲ್ಲ, ಆಮೇಲೆ ಆದದ್ದು: ಕಾಗದ ಮಡಿಸಿಟ್ಟಿದ್ದೆ. ಇವತ್ತು ಪರ್ಕಿಸ್ ಸಾಹೇಬರು ಎದ್ದು ಬಂದರು. ಒಂದೇ ಜ್ವಾಲೆಯನ್ನು ಇಬ್ಬರೂ ಅಳೆದರೂ ಅವರು ನೋಡಿದ ಅಳತೆಗೂ ನನ್ನದಕ್ಕೂ ತಾಳೆಯಾಗಲಿಲ್ಲ. ನನ್ನ ಒಂದೊಂದೇ ಕಣ್ಣು ಮುಚ್ಚಿಸಿ ನೋಡಿಸಿದರು. ಬಲಗಣ್ಣಿಗೆ ಚುಕ್ಕೆ ಮಾಯವಾಗುವುದು ಒಂದು ಕಡೆ, ಎಡಗಣ್ಣಿಗೆ ಇನ್ನೊಂದು ಕಡೆ. ಎರಡೂ ತೆರೆದಾಗ ನನ್ನಲ್ಲಿ ಬಲಗಣ್ಣೇ ಗೆಲ್ಲುತ್ತದೆ. ಸಾಹೇಬರಿಗೆ ಕಂಡದ್ದು ನನ್ನ ಎಡಗಣ್ಣಿನ ಜಾಗ, ಅದೇ ಸರಿಯಾದದ್ದು. ಕಂಪನಿಗೆ ಓಡಿಹೋಗಿ ಎಲ್ಲ ಹೇಳಿದೆ. ದಂಡ ವಾಪಸು ಕೇಳುತ್ತಾರಂತೆ. ಭಾವನ ಕೆಲಸ? "ಒಂದು ಕುಲುಮೆಗೆ ಇಬ್ಬರು ಮೇಸ್ತ್ರಿಗಳೇನಯ್ಯ?" ಎಂದರು.

ಕೋಣೆಗೆ ಹಿಂತಿರುಗಿ, ಆ ಎರಡು ಜಾಗಗಳ ನಡುವೆ ಬೆರಳಿಟ್ಟು ನೋಡಿದೆ ಅಕ್ಕ. ಸರಿಯಾಗಿ ಕೂತಿತು. ಬತ್ತಿ ಕಡೆಗೆ, ಒಂದು ಬೆರಳಗಲ.