ಬೆನ್ನಿಗೆ ಕಟ್ಟಿದ ಡಬ್ಬಿ

ಸತ್ತಿ, ಹೊಳೆದಂಡೆ
ಮಂಗಳವಾರ

ಅಪ್ಪಾ, ಜೈಭೀಮ್.

ತೆಲಸಂಗದ ಒಣನೆಲದಲ್ಲಿ ಬೆಳೆದ ನಿನ್ನ ಮಗಳು ಇವತ್ತು ಕೃಷ್ಣೆ ದಾಟಿದಳು. ನಾನು ಸಂಘ ಕಟ್ಟಲು ಬಂದ ಈ ಊರಿನ ಹೆಂಗಸರು ಖಾಲಿ ಎಣ್ಣೆ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಆಚೆ ದಂಡೆಗೆ ಈಜುತ್ತಾರೆ, ಹುಲ್ಲು ಕೊಯ್ದು ಹೊರೆಯನ್ನು ತೇಲಿಸುತ್ತ ಮರಳುತ್ತಾರೆ. ಹೋದ ವರ್ಷ ಡಬ್ಬಿಯ ಹಗ್ಗ ಹರಿದು, ನಾನು ಉಳಿದುಕೊಂಡಿರುವ ಮನೆಯ ಸತ್ತೆವ್ವನ ಮಗಳು ಸಪನಾ ಮುಳುಗಿ ಸತ್ತಳು. ಸರಕಾರ ಒಂದು ದೋಣಿ ಕೊಡಲಿ ಎಂದು ಅರ್ಜಿ ಬರೆದು ಎಂಟು ದಿನ ಮನೆಮನೆ ತಿರುಗಿದೆ. ಒಂದು ಹೆಬ್ಬೆಟ್ಟೂ ಬೀಳಲಿಲ್ಲ, ಸತ್ತೆವ್ವನದೂ.

"ದೋಣಿ ಬಂತಂದ್ರ ಹಿಂದ ಗುತ್ತಿಗೆದಾರ ಬರತಾನ. ಹುಲ್ಲೂ ಅವಂದ ಆಗತೈತಿ," ಎಂದಳು. "ನಿನ್ನ ಅರ್ಜಿ ಮ್ಯಾಲ ಕುಂತು ಹೊಳಿ ದಾಟಾಕ ಬರತೈತೇನ ತಂಗಿ? ನಡಿ, ನೀನೂ ನೀರಿಗಿ ಇಳಿ."

ಬರೆದುಕೊಟ್ಟದ್ದು ವ್ಯರ್ಥವಾಗುವುದಿಲ್ಲ ಎಂದು ನೀನು ಕಲಿಸಿದ್ದೆ. ಆದರೆ ಡಬ್ಬಿ ಕಟ್ಟಿಕೊಂಡು ಇಳಿದ ಮೇಲೆ, ನಡುಹೊಳೆಯಲ್ಲಿ ನೀನು ಓದಿಸಿದ ಒಂದು ಪುಸ್ತಿಕೆಯೂ ನೆನಪಿಗೆ ಬರಲಿಲ್ಲ. ಕೈಕಾಲು ಬಡಿದೆ, ನೀರು ಕುಡಿದೆ.

"ಬಡಿಬ್ಯಾಡ ಹುಚ್ಚಿ, ಸುಮ್ಮ ಬೀಳು! ಡಬ್ಬಿ ಹಿಡಿತೈತಿ," ಎಂದು ಸತ್ತೆವ್ವ ಕೂಗಿದಳು. ಸುಮ್ಮನೆ ಬಿದ್ದೆ, ತೇಲಿದೆ. ಮಗಳು ಧೈರ್ಯವಂತೆ ಎಂದು ಊರಲ್ಲಿ ಹೇಳಿಕೊಂಡು ತಿರುಗಬೇಡ. ದಣಿದಿದ್ದೆ, ಅಷ್ಟೇ.

ಕಿವಿಗೆ ನೀರು ಹೋಗಿ ನೋಯುತ್ತಿದೆ, ಜ್ವರ ಇಲ್ಲ. ಇನ್ನು ಪುಸ್ತಿಕೆ ಕಳಿಸಬೇಡ. ತಮ್ಮ ಸಂಗ್ರಾಮನ ಕೈಯಲ್ಲಿ ಗಟ್ಟಿ ನೈಲಾನ್ ಹಗ್ಗ ಕಳಿಸು, ಬೇಗ. ನಾಳೆಯೂ ದಾಟಬೇಕು. ನನ್ನ ಬೆನ್ನಿಗೆ ಕಟ್ಟಿದ್ದು ಸಪನಾಳ ಡಬ್ಬಿ. ಸತ್ತೆವ್ವ ಆ ಹರಿದ ಹಗ್ಗಕ್ಕೇ ಗಂಟು ಹಾಕಿದ್ದಾಳೆ.

ನೀಲಮ